ಮಲೆನಾಡಿನ ಮನೆಯಲ್ಲಿ ಹೊಸ ಲೆಪರ್ಡ್ ಗೆಕೊ: ತಿನ್ನದಿದ್ದರೆ, ಅಡಗಿ ಕೂತರೆ ಎಲ್ಲಿಂದ ಹುಡುಕಬೇಕು

ಲೆಪರ್ಡ್ ಗೆಕೊ ಒಣ ಸೀಮೆಯ ಹಲ್ಲಿ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗುಡ್ಡ ಮತ್ತು ಕುರುಚಲು ಬಯಲು ಅದರ ತವರು. ನಾವು ಅದನ್ನು ತಂದು ಇಡುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ. ಜೂನ್ ಬಂತೆಂದರೆ ಇಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಗೋಡೆ ಬೆವರುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲೇ ಹುಟ್ಟಿದ ಮರಿಯಾದರೂ ಅದರ ಮೈ ಕೇಳುವುದು ಒಣ ಸೀಮೆಯ ಬಿಸಿಯನ್ನೇ.

ಹಾಗಾಗಿ ಹೊಸ ಗೆಕೊ ಊಟ ಮುಟ್ಟದಿದ್ದರೆ, ಮೂಲೆಯಲ್ಲಿ ಮುದುರಿದರೆ, ಮೊದಲು ಅನುಮಾನಿಸಬೇಕಾದದ್ದು ಪ್ರಾಣಿಯನ್ನಲ್ಲ, ತೊಟ್ಟಿಯನ್ನು. ಹುಡುಕುವ ಕ್ರಮ ಹೀಗಿರಲಿ: ಮೊದಲು ನೆಲದ ಬಿಸಿ, ಆಮೇಲೆ ಥಂಡಿ (ಅಂದರೆ ಗಾಳಿಯ ತೇವ), ಆಮೇಲೆ ಹೆದರಿಕೆ, ಆಮೇಲೆ ಆಹಾರ. ಕಾಯಿಲೆಯ ಯೋಚನೆ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ಮೂರು ದಿನ ಕಾದು ನೋಡಿ. ಒಂದೇ ಸಂಜೆ ದೀಪ, ನೆಲ, ಹುಳ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರಾಣಿಗೆ ಮತ್ತೆ ಹೊಸ ಮನೆಗೆ ಬಂದ ಹಾಗಾಗುತ್ತದೆ.

ಯಾವುದು ದೋಷವೇ ಅಲ್ಲ

ಹಗಲಿಡೀ ಹೊರಗೆ ಬರುವುದಿಲ್ಲ ಅನ್ನುವುದು ದೂರಲ್ಲ. ಇದು ಮುಸ್ಸಂಜೆ ಮತ್ತು ನಸುಕಿನಲ್ಲಿ ಓಡಾಡುವ ಪ್ರಾಣಿ. ಮೊದಲ ಒಂದೆರಡು ವಾರ ಅಡಗುತಾಣ ಬಿಟ್ಟು ಬರುವುದೇ ಕಡಿಮೆ. ನೀವು ಮಲಗಿದ ಮೇಲೆ ಓಡಾಡಿರುತ್ತದೆ. ಬೆಳಿಗ್ಗೆ ನೀರಿನ ಬಟ್ಟಲ ಜಾಗ ಬದಲಾಗಿದ್ದರೆ, ಒಂದು ಮೂಲೆಯಲ್ಲಿ ಹಿಕ್ಕೆ ಬಿದ್ದಿದ್ದರೆ ಅಷ್ಟು ಸಾಕು.

ದೊಡ್ಡ ಗೆಕೊ ಹೊಸ ಜಾಗದಲ್ಲಿ ವಾರ, ಹತ್ತು ದಿನ ತಿನ್ನದಿರುವುದೂ ಮಾಮೂಲು. ಅದರ ಬಾಲ ಕೊಬ್ಬಿನ ಕಣಜ, ಅಷ್ಟು ದಿನಕ್ಕೆ ಏನೂ ಆಗುವುದಿಲ್ಲ. ಮರಿಯ ವಿಷಯ ಬೇರೆ, ಅದಕ್ಕೆ ಆ ಕಣಜ ಇನ್ನೂ ತುಂಬಿರುವುದಿಲ್ಲ. ಕೈ ಹಾಕಿದಾಗ ಮರಿ ಕೀಚ್ ಅಂತ ಕಿರುಚಿದರೆ, ಬಾಲ ಎತ್ತಿ ನಿಧಾನಕ್ಕೆ ಆಡಿಸಿದರೆ ಅದು ಹೆದರಿದೆ ಅಂತ ಅರ್ಥ. ಕೈ ಹಿಂದೆ ತೆಗೆಯಿರಿ. ಹಠ ಮಾಡಿ ಹಿಡಿಯಲು ಹೋದರೆ ಬಾಲ ಕಳಚಿ ಓಡುತ್ತದೆ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನ ಅಂದ ಇರುವುದಿಲ್ಲ, ಕೂಡಿಟ್ಟ ಕೊಬ್ಬೂ ಹೋಗಿರುತ್ತದೆ.

ಪೊರೆ ಬಿಟ್ಟಿದ್ದೇ ಕಾಣಲಿಲ್ಲ ಅಂತಲೂ ಕೆಲವರು ಕೇಳುತ್ತಾರೆ. ಬಿಟ್ಟ ಪೊರೆಯನ್ನು ಅದೇ ತಿಂದುಹಾಕುತ್ತದೆ.

ತಿನ್ನುತ್ತಿಲ್ಲ: ಮೊದಲು ನೆಲದ ಬಿಸಿ

ಗೆಕೊಗೆ ತಿಂದದ್ದು ಅರಗಲು ಹೊಟ್ಟೆಗೆ ಬಿಸಿ ಬೇಕು. ಬಿಸಿ ಇಲ್ಲದಿದ್ದರೆ ಹಸಿವೇ ಆಗುವುದಿಲ್ಲ. ತೊಟ್ಟಿಯ ಒಂದು ಬದಿಯ ಅಡಗುತಾಣದ ಒಳಗೆ, ಹೊಟ್ಟೆ ತಾಗುವ ಜಾಗದಲ್ಲಿ, 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ಬದಿ ತಂಪಾಗಿ 22ರಿಂದ 26. ರಾತ್ರಿ ಸ್ವಲ್ಪ ಇಳಿದರೆ ಪರವಾಗಿಲ್ಲ.

ಗಾಜಿಗೆ ಅಂಟಿಸುವ ಗಡಿಯಾರದಂಥ ಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಗೋಡೆ ಪಕ್ಕದ ಗಾಳಿಯನ್ನು ಅಳೆಯುತ್ತದೆ, ಅದನ್ನೂ ಅಂದಾಜಿಗೆ. ಉದ್ದ ವೈರಿನ ತುದಿಯಲ್ಲಿ ಪ್ರೋಬ್ (ಬಿಸಿ ಗ್ರಹಿಸುವ ಮೊನೆ) ಇರುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ. ಬೆಲೆಯೂ ಜಾಸ್ತಿ ಇಲ್ಲ. ಪ್ರೋಬನ್ನು ಬಿಸಿ ಬದಿಯ ಅಡಗುತಾಣದ ಒಳಗೆ, ಟಿಶ್ಯೂ ಮೇಲೆ ಇಟ್ಟು ಅರ್ಧ ಗಂಟೆ ಬಿಟ್ಟು ಓದಿ. ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಓದಿ. ಮಧ್ಯಾಹ್ನದ ಲೆಕ್ಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಸಾಗರದ ಕಡೆಯ ಹುಡುಗನೊಬ್ಬ ಮಳೆಗಾಲದಲ್ಲಿ ಫೋನ್ ಮಾಡಿದ್ದ. "ಅಣ್ಣ, ಥರ್ಮೋಸ್ಟಾಟ್ 32 ತೋರಿಸ್ತಿದೆ. ಹುಳ ಮಾತ್ರ ಮೂಸಿಯೂ ನೋಡ್ತಿಲ್ಲ. ಎಂತ ಮಾಡೂದು?" ಥರ್ಮೋಸ್ಟಾಟ್ ಅಂದರೆ ಬೇಕಾದಷ್ಟು ಬಿಸಿ ಬಂದಾಗ ಕರೆಂಟ್ ಕಡಿದು, ಇಳಿದಾಗ ಮತ್ತೆ ಕೊಡುವ ಉಪಕರಣ. ಫೋಟೋ ಕಳಿಸು ಅಂದೆ. ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಳೆ) ತೊಟ್ಟಿಯ ಕೆಳಗೆ, ಪ್ರೋಬ್ ಮ್ಯಾಟಿಗೆ ಅಂಟಿಕೊಂಡು. ಅದರ ಮೇಲೆ ಗಾಜು. ಗಾಜಿನ ಮೇಲೆ ಎರಡು ಬೆರಳು ದಪ್ಪ ತೆಂಗಿನ ನಾರಿನ ಪುಡಿ. ಅದರ ಮೇಲೆ ಗೆಕೊ. ಇನ್ನೊಂದು ಥರ್ಮಾಮೀಟರ್ ಒಳಗಿಟ್ಟು ನೋಡಲು ಹೇಳಿದೆ. 24 ಬಂತು. ಮೀಟರ್ ಕೆಟ್ಟಿರಲಿಲ್ಲ, ಅಳೆಯುತ್ತಿದ್ದ ಜಾಗವೇ ಬೇರೆ. ಪುಡಿಯನ್ನೆಲ್ಲ ತೆಗೆದು ಎರಡು ಪದರ ಟಿಶ್ಯೂ ಹಾಸಿ, ಒಳಗಿನ ನೆಲ 32 ಬರುವವರೆಗೆ ಥರ್ಮೋಸ್ಟಾಟನ್ನು ಒಂದೊಂದೇ ಡಿಗ್ರಿ ಏರಿಸಿದ. ಅದೇ ವಾರ ಗೆಕೊ ತಿನ್ನಲು ಶುರು ಮಾಡಿತು.

ಇದರಿಂದ ಎಲ್ಲರಿಗೂ ಆಗುವ ವ್ಯವಸ್ಥೆ ಏನೆಂದರೆ, ಥರ್ಮೋಸ್ಟಾಟಿನ ಪ್ರೋಬ್ ಮ್ಯಾಟಿಗೂ ಗಾಜಿಗೂ ನಡುವೆ ಗಟ್ಟಿಯಾಗಿ ಕೂತಿರಲಿ. ಅದನ್ನು ಒಳಗೆ ಸುಮ್ನೆ ಬಿಟ್ಟರೆ ಗೆಕೊ ಎಳೆದುಹಾಕುತ್ತದೆ, ತಂಪು ಬದಿಗೆ ಬಿದ್ದ ಪ್ರೋಬ್ ಚಳಿ ಅಂದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ. ಒಳಗಿನ ನಿಜವಾದ ಬಿಸಿ ನೋಡಲು ಎರಡನೇ ಥರ್ಮಾಮೀಟರ್ ಇರಲಿ. ಮ್ಯಾಟ್ ನೆಲದ ಮೂರನೇ ಒಂದು ಭಾಗದಷ್ಟಿದ್ದರೆ ಸಾಕು. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ, ಹೊಟ್ಟೆ ಸುಟ್ಟುಕೊಳ್ಳುತ್ತದೆ. ಕೋಳಿಮರಿ ಮಾಡುವ ಇನ್‌ಕ್ಯುಬೇಟರಿಗೆ ಹಾಕುತ್ತಾರಲ್ಲ, ಆ ಡಿಜಿಟಲ್ ಥರ್ಮೋಸ್ಟಾಟೂ ಆಗುತ್ತದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ತೊಟ್ಟಿ ಎಲ್ಲಿದೆ ಅನ್ನುವುದನ್ನೂ ನೋಡಿ. ಗಾರೆ ನೆಲದ ಮೇಲೆ ನೇರವಾಗಿ ಇಟ್ಟರೆ ನೆಲವೇ ಬಿಸಿ ಹೀರಿಕೊಳ್ಳುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿಸಿ ಇಟ್ಟರೂ ಅದೇ ಕಥೆ. ಮರದ ಮೇಜಿನ ಮೇಲೆ, ಒಳಕೋಣೆಯ ಗೋಡೆಯ ಕಡೆ ಇಡಿ. ಹಿಂದೆ ಮತ್ತು ಪಕ್ಕಕ್ಕೆ ಹೊರಗಿನಿಂದ ಥರ್ಮೋಕೋಲ್ ಆನಿಸಬಹುದು, ಮ್ಯಾಟಿನ ಕೆಳಗೆ ಮಾತ್ರ ಬೇಡ. ಅಲ್ಲಿ ಗಾಳಿ ಆಡಬೇಕು.

ಅಡಗುತಾಣಕ್ಕೆ ಅಂಗಡಿಯ ಪ್ಲಾಸ್ಟಿಕ್ ಗುಹೆಯೇ ಬೇಕೆಂದಿಲ್ಲ. ಹಳೆ ಮನೆ ಬಿಚ್ಚಿದಾಗ ಉಳಿದ ನಾಡಹೆಂಚು ಹಿತ್ತಿಲಲ್ಲಿ ಬಿದ್ದಿರುತ್ತದೆ ಅಲ್ವಾ? ಅದನ್ನು ಉಜ್ಜಿ ತೊಳೆದು, ಕುದಿವ ನೀರು ಹುಯ್ದು ಒಣಗಿಸಿ ಬೋರಲು ಹಾಕಿ. ಬೆನ್ನು ಹೆಂಚಿಗೆ ತಾಗುವಷ್ಟು ತಗ್ಗಾಗಿದ್ದರೆ ಗೆಕೊಗೆ ಧೈರ್ಯ. ಬಿಸಿ ಬದಿಗೊಂದು, ತಂಪು ಬದಿಗೊಂದು ಬೇಕೇ ಬೇಕು. ಒಂದೇ ಇಟ್ಟರೆ ಅದು ಬಿಸಿಗೂ ಭಯಕ್ಕೂ ನಡುವೆ ಒಂದನ್ನು ಆರಿಸಬೇಕಾಗುತ್ತದೆ, ಸಾಮಾನ್ಯವಾಗಿ ಭಯವೇ ಗೆಲ್ಲುತ್ತದೆ. ಅಡಿಕೆ ಹಾಳೆ ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ವಾರದೊಳಗೆ ಬೂಷ್ಟು ಬರುತ್ತದೆ.

ಕರೆಂಟ್ ಹೋದರೆ

ಗಾಳಿ ಮಳೆಗೆ ಮರ ಬಿದ್ದು ಲೈನ್ ತುಂಡಾದರೆ ಒಳಊರುಗಳಲ್ಲಿ ಒಂದು ದಿನ, ಎರಡು ದಿನ ಕರೆಂಟ್ ಇರುವುದಿಲ್ಲ. "ನಿನ್ನೆವರೆಗೆ ಚೆನ್ನಾಗಿ ತಿಂತಿತ್ತು, ಇವತ್ತು ತಿಂದದ್ದನ್ನೆಲ್ಲ ಕಕ್ಕಿದೆ" ಅಂದರೆ ನಾನು ಕೇಳುವ ಮೊದಲ ಪ್ರಶ್ನೆ ಕರೆಂಟಿನದ್ದು. ಹೊಟ್ಟೆ ತುಂಬಿದ ಮೇಲೆ ನೆಲ ತಣ್ಣಗಾದರೆ ತಿಂದದ್ದು ಅರಗದೆ ಕೂರುತ್ತದೆ. ಖಾಲಿ ಹೊಟ್ಟೆಯ ಗೆಕೊ 20-22 ಡಿಗ್ರಿಯಲ್ಲಿ ಒಂದು ರಾತ್ರಿ ಆರಾಮಾಗಿ ಕಳೆಯುತ್ತದೆ. ಆದ್ದರಿಂದ ಮೋಡ ಕಟ್ಟಿ ಗಾಳಿ ಎದ್ದ ಸಂಜೆ ಊಟ ಹಾಕಬೇಡಿ. ಕರೆಂಟ್ ಬಂದು ನೆಲ ಪುನಃ ಬಿಸಿಯಾದ ಮಾರನೇ ದಿನ ಹಾಕಿ.

ಚಿಕ್ಕ ಮ್ಯಾಟ್ ಎಳೆಯುವುದು ಹತ್ತಿಪ್ಪತ್ತು ವಾಟ್ ಅಷ್ಟೇ. ಮನೆಗೆ ಇನ್ವರ್ಟರ್ ಇದ್ದರೆ ಆ ಲೈನಿಗೇ ಕೊಡಿ. ಕೆಲವು ಡಿಮ್ಮಿಂಗ್ ಥರ್ಮೋಸ್ಟಾಟುಗಳಿಗೆ ಹಳೆ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿಬರುವುದಿಲ್ಲ. ಬಿಸಿಲಿರುವ ದಿನವೇ ಒಮ್ಮೆ ಮೇನ್ ಆಫ್ ಮಾಡಿ ಪರೀಕ್ಷಿಸಿ. ಕರೆಂಟ್ ವಾಪಸ್ ಬಂದ ಮೇಲೆ ಥರ್ಮೋಸ್ಟಾಟಿನ ಸೆಟ್ಟಿಂಗ್ ಹಾಗೇ ಇದೆಯಾ ಅಂತಲೂ ನೋಡಿ.

ಏನೂ ಇಲ್ಲದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಬಿಸಿ ಬದಿಯ ಗಾಜಿಗೆ ಹೊರಗಿನಿಂದ ಆನಿಸಿ, ಮೇಲೆ ಒಂದು ಕಂಬಳಿ ಹೊದಿಸಿ. ಗಾಳಿ ಆಡಲು ಸಂದಿ ಬಿಡಿ. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆ ಅಂತ ಅಲ್ಲಿ ತೊಟ್ಟಿ ಇಡಲು ಹೋಗಬೇಡಿ. ಹೊಗೆ ಆಗಿಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ನಿಮಗೂ ಅಪಾಯ.

ಥಂಡಿ

ಪುಸ್ತಕದ ಲೆಕ್ಕ ಗಾಳಿಯ ತೇವ ಶೇ. 30ರಿಂದ 40 ಅನ್ನುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ಶೇ. 85-90. ಇದನ್ನು ಕಂಡು ಹೆದರಿ ತೊಟ್ಟಿಯೊಳಗೆ ಉಪ್ಪು, ಸಿಲಿಕಾ ಪೊಟ್ಟಣ, ಬೀರುವಿಗೆ ಇಡುವ ತೇವ ಹೀರುವ ಡಬ್ಬಿ ಎಲ್ಲ ಇಡುವವರಿದ್ದಾರೆ. ಆ ಡಬ್ಬಿಯಲ್ಲಿ ಸೇರುವ ನೀರು ಚರ್ಮ, ಬಾಯಿ ಸುಡುತ್ತದೆ. ಇವ್ಯಾವುದೂ ಒಳಗೆ ಬೇಡ.

ಉಪಾಯ ಬಿಸಿಯಲ್ಲೇ ಇದೆ. 22 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು ನೀರು ಸೇರಿಸದೆ 30 ಡಿಗ್ರಿಗೆ ಕಾಯಿಸಿದರೆ ಅದೇ ಗಾಳಿಯ ತೇವ ಶೇ. 56ರ ಹತ್ತಿರಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯುವುದರಿಂದ ಹೀಗಾಗುತ್ತದೆ. ಹೀಟ್ ಮ್ಯಾಟ್ ನೆಲ ಕಾಯಿಸುತ್ತದೆ, ಗಾಳಿಯನ್ನು ಅಷ್ಟಾಗಿ ಕಾಯಿಸುವುದಿಲ್ಲ. ಅದಕ್ಕೇ ಒಣ ಊರಿನಲ್ಲಿ ಮ್ಯಾಟ್ ಒಂದೇ ಸಾಕಾದರೂ ಮಲೆನಾಡಿನ ಮಳೆಗಾಲಕ್ಕೆ ಸಾಲದು ಅಂತ ನನ್ನ ಅಭಿಪ್ರಾಯ. ಬಿಸಿ ಬದಿಯ ಮೇಲೆ ಸಣ್ಣ ಸೆರಾಮಿಕ್ ಹೀಟ್ ಎಮಿಟರ್ (ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಬಲ್ಬ್), ಅಥವಾ ಹಗಲಿಗೆ ಹ್ಯಾಲೊಜೆನ್ ಬಲ್ಬ್, ಜಾಲರಿಯ ಹೊರಗೆ ಹಾಕಿ. ಅದಕ್ಕೂ ಥರ್ಮೋಸ್ಟಾಟ್ ಬೇಕು. ಸೆರಾಮಿಕ್‌ಗೆ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದ್ದೇ ಹಾಕಿಸಿ. ಮುಚ್ಚಳ ಗಾಜಿನದ್ದಾಗಿದ್ದರೆ ತೆಗೆದು ಜಾಲರಿ ಹಾಕಿ.

ನೀರಿನ ಬಟ್ಟಲು ಚಿಕ್ಕದಿರಲಿ, ತಂಪು ಬದಿಯಲ್ಲಿರಲಿ. ಬಿಸಿ ಬದಿಯಲ್ಲಿಟ್ಟರೆ ನೀವೇ ಆವಿ ಎಬ್ಬಿಸಿದ ಹಾಗೆ. ಕಾಗದ ಒದ್ದೆಯಾದರೆ ಅದೇ ದಿನ ಬದಲಿಸಿ. ಶೇ. 60ರ ಆಸುಪಾಸು ನಿಂತು, ನೆಲ ಒಣಗಿದ್ದು, ಗಾಳಿ ಆಡುತ್ತಿದ್ದರೆ ಗೆಕೊ ಮಳೆಗಾಲ ದಾಟುತ್ತದೆ. ಮೀಟರಿನ ಸಂಖ್ಯೆಗಿಂತ ಪ್ರಾಣಿಯ ಹೊಟ್ಟೆ ನೋಡಿ. ಪಾರದರ್ಶಕ ಡಬ್ಬಿಯಲ್ಲಿ ಕೂರಿಸಿ ಕೆಳಗಿನಿಂದ ನೋಡಿದರೆ ಹೊಟ್ಟೆಯ ಚರ್ಮ ಒಂದೇ ಸಮ ಇರಬೇಕು. ಕೆಂಪು ಮಚ್ಚೆ, ಕಂದು ಹಕ್ಕಳೆ, ಗುಳ್ಳೆ ಕಂಡರೆ ಥಂಡಿ ಚರ್ಮಕ್ಕೆ ಇಳಿದಿದೆ ಅಂತ ಲೆಕ್ಕ. ಮೂಗಿನಲ್ಲಿ ನೀರುಗುಳ್ಳೆ, ಉಸಿರಾಡುವಾಗ ಸಪ್ಪಳ ಇದ್ದರೆ ಮನೆಮದ್ದು ಬೇಡ, ವೈದ್ಯರ ಹತ್ತಿರ ಹೋಗಿ.

ಇಷ್ಟೆಲ್ಲ ಒಣಗಿಸಿದ ಮೇಲೂ ಒಂದು ಒದ್ದೆ ಗೂಡು ಬೇಕು ಅಂದರೆ ವಿಚಿತ್ರ ಅನ್ನಿಸಬಹುದು. ಪೊರೆ ಬಿಡಲು ಬೇಕು. ಮುಚ್ಚಳ ಇರುವ ಐಸ್‌ಕ್ರೀಮ್ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಹಿಂಡಿದ ಟಿಶ್ಯೂ ಹಾಕಿ ನಡುವೆ ಇಡಿ. ಶಿವಮೊಗ್ಗ ಪೇಟೆಯಲ್ಲಿ ಡಿಸೆಂಬರ್‌ನಿಂದ ಗಾಳಿ ಒಣಗಿದಾಗ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬೆರಳ ತುದಿಯಲ್ಲಿ ಪೊರೆ ಉಂಗುರದ ಹಾಗೆ ಉಳಿದರೆ ರಕ್ತ ಓಡದೆ ಬೆರಳೇ ಉದುರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ, ಪಾದ ಮುಳುಗುವಷ್ಟೇ, ಹದಿನೈದು ನಿಮಿಷ ನಿಲ್ಲಿಸಿ ಇಯರ್ ಬಡ್‌ನಿಂದ ಮೆಲ್ಲಗೆ ಉಜ್ಜಿ. ಒಣಗಿದ್ದನ್ನು ಎಳೆಯಬೇಡಿ. ಕಣ್ಣಿನ ಸುತ್ತ ಉಳಿದದ್ದಕ್ಕೆ ನೀವು ಕೈ ಹಾಕುವುದೇ ಬೇಡ.

ಬಿಸಿ, ಥಂಡಿ ಸರಿ ಇದೆ, ಆದರೂ ತಿನ್ನುತ್ತಿಲ್ಲ

ಆಗ ಮನೆಯವರನ್ನು ನೋಡಿ. ಹೊಸ ಸೊಸೆ ಬಂದ ಮನೆಯ ಹಾಗೆ ಓಣಿಯವರೆಲ್ಲ ಬಂದು ಇಣುಕುತ್ತಿದ್ದರೆ ಅದು ಹೇಗೆ ತಾನೇ ತಿನ್ನುತ್ತದೆ? ಎರಡು ವಾರ ಕೈಗೆತ್ತಿಕೊಳ್ಳುವುದು, ಟಾರ್ಚ್ ಬಿಡುವುದು, ಗಾಜು ತಟ್ಟುವುದು ಬಂದ್. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ರಾತ್ರಿ ಗಾಜು ಕೆರೆದುಕೊಂಡು ಮೇಲೇರಲು ನೋಡುವ ಗೆಕೊಗೂ ಇದೇ ಮದ್ದು. ತನ್ನದೇ ಪ್ರತಿಬಿಂಬ ಕಂಡು ಹಾಗೆ ಮಾಡುತ್ತಿರಬಹುದು. ವಾರ ಕಳೆದರೂ ನಿಲ್ಲದಿದ್ದರೆ ತಂಪು ಬದಿ ನಿಜವಾಗಿ ತಂಪಾಗಿದೆಯಾ ಅಳೆಯಿರಿ. ಒಂದೇ ತೊಟ್ಟಿಯಲ್ಲಿ ಎರಡು ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ.

ಊಟ ಹೊತ್ತು ಮುಳುಗಿದ ಮೇಲೆ. ಹುಳ ಗೆಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಹಿಂದಿನ ಮನೆಯಲ್ಲಿ ಮೀಲ್‌ವರ್ಮ್ (ಅಂಗಡಿಯಲ್ಲಿ ಸಿಗುವ ಹಿಟ್ಟಿನ ಹುಳ) ತಿಂದು ಬೆಳೆದದ್ದು ಕ್ರಿಕೆಟ್ ಹುಳ ಕಂಡರೆ ಓಡಬಹುದು, ಅದಕ್ಕೇ ತರುವಾಗಲೇ ಕೇಳಿಕೊಂಡು ಬನ್ನಿ. ಎರಡು ಮೂರು ಹುಳ ಬಿಟ್ಟು ಅರ್ಧ ಗಂಟೆ ಆಚೆ ಹೋಗಿ. ತಿನ್ನದೆ ಉಳಿದ ಕ್ರಿಕೆಟ್ ಹುಳವನ್ನು ಹಿಡಿದು ತೆಗೆಯಿರಿ, ರಾತ್ರಿ ಅವೇ ಗೆಕೊವನ್ನು ಕಚ್ಚುತ್ತವೆ.

ಅಂಗಡಿಯ ಹುಳ ಮುಗಿಯಿತು ಅಂತ ತೋಟದಿಂದ ಮಿಡತೆ ಹಿಡಿದು ಹಾಕುವುದು ಇಲ್ಲಿಯ ದೊಡ್ಡ ಅಪಾಯ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆಲ್ಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತಾರೆ. ಮೈಲುತುತ್ತದ ತಾಮ್ರ ಎಲೆ ಹುಲ್ಲಿನ ಮೇಲೆಲ್ಲ ಕೂತಿರುತ್ತದೆ. ನಿಮ್ಮ ತೋಟಕ್ಕೆ ಹೊಡೆಯದಿದ್ದರೂ ಪಕ್ಕದವರದ್ದು ಗಾಳಿಗೆ ಬರುತ್ತದೆ. ಮುಂಗಾರಿಗೆ ಮೊದಲು ಬರುವ ಮಿಂಚುಹುಳವನ್ನಂತೂ ಯಾವತ್ತೂ ಹಾಕಬೇಡಿ. ಅಮೆರಿಕದಲ್ಲಿ ಕೆಲವು ಜಾತಿಯ ಮಿಂಚುಹುಳ ತಿಂದು ಸಾಕಿದ ಓತಿಗಳು ಸತ್ತದ್ದು ದಾಖಲಾಗಿದೆ. ಒಂದೇ ಹುಳ ಸಾಕಾಗುತ್ತದೆ.

ಹುಳಕ್ಕೆ ಹಿಂದಿನ ದಿನ ಕ್ಯಾರೆಟ್, ನುಗ್ಗೆಸೊಪ್ಪು ಹಾಕಿ ಹೊಟ್ಟೆ ತುಂಬಿಸಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಿ. ಎಲೆಅಡಿಕೆಯ ಸುಣ್ಣ ಆಗುತ್ತದಾ ಅಂತ ಕೇಳಿದವರಿದ್ದಾರೆ. ಆಗುವುದಿಲ್ಲ, ಬಾಯಿ ಬೆಂದುಹೋಗುತ್ತದೆ. ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೇಕು. ತುಂಗೆಯ ಮರಳು ಹಾಸುವ ಆಸೆಯನ್ನೂ ಬಿಡಿ, ಹುಳದ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ಮೊದಲ ತಿಂಗಳು ಟಿಶ್ಯೂ, ಆಮೇಲೆ ಬೇಕಾದರೆ ತೆಳ್ಳಗಿನ ಕಡಪ ಕಲ್ಲು.

ಇರುವೆ ಬಂದರೆ ಸ್ಪ್ರೇ ಹೊಡೆಯಬೇಡಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಎರಡೂ ಬೇಡ.

ಏಪ್ರಿಲ್‌ನಲ್ಲಿ ಶಿವಮೊಗ್ಗದ ಆರ್‌ಸಿಸಿ ಮನೆಗಳಲ್ಲಿ ದೋಷ ತಿರುಗುಮುರುಗು. ಕೋಣೆಯೇ 35 ದಾಟಿರುತ್ತದೆ, ಗೆಕೊ ನೀರಿನ ಬಟ್ಟಲಲ್ಲಿ ಕೂತು ಬಾಯಿ ತೆರೆದಿರುತ್ತದೆ. ತೊಟ್ಟಿಯನ್ನು ನೆಲಕ್ಕಿಳಿಸಿ, ಹಗಲು ಬಲ್ಬ್ ಆರಿಸಿ, ತಂಪು ಬದಿಯ ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ.

ವೈದ್ಯರ ಹತ್ತಿರ ಯಾವಾಗ

ಅಡುಗೆಮನೆಯ ಗ್ರಾಂ ತಕ್ಕಡಿಯಂಥದ್ದೇ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಬಂದ ದಿನವೇ ಡಬ್ಬಿಯಲ್ಲಿಟ್ಟು ತೂಗಿ ಬರೆದಿಡಿ, ಮತ್ತೆ ವಾರಕ್ಕೊಮ್ಮೆ. ದೊಡ್ಡದು ಸಾಮಾನ್ಯವಾಗಿ 45ರಿಂದ 80 ಗ್ರಾಂ ತೂಗುತ್ತದೆ. ತಿನ್ನದಿದ್ದರೂ ತೂಕ ನಿಂತಿದ್ದರೆ ಕಾಯಬಹುದು. ಹತ್ತನೇ ಒಂದು ಭಾಗ ಇಳಿದರೆ ಕಾಯಬೇಡಿ. ಮರಿಯಾದರೆ ವಾರ ಪೂರ್ತಿ ತಿನ್ನದಿದ್ದರೆ ಸಾಕು, ಹೊರಡಿ. ಚೆನ್ನಾಗಿ ತಿನ್ನುತ್ತಿದ್ದೂ ಬಾಲ ಕಡ್ಡಿಯಾಗುತ್ತಾ ಹೋದರೆ ಕರುಳಿನ ಪರೋಪಜೀವಿ ಇರಬಹುದು, ಮಲ ಪರೀಕ್ಷೆ ಆಗಬೇಕು. ಕಾಲು ನಡುಗುವುದು, ದವಡೆ ಮೆತ್ತಗಾಗುವುದು ಕ್ಯಾಲ್ಸಿಯಂ ಕೊರತೆಯ ಲಕ್ಷಣ. ಬೇರೆ ಸರೀಸೃಪ ಮನೆಯಲ್ಲಿದ್ದರೆ ಹೊಸದನ್ನು ಬೇರೆ ಕೋಣೆಯಲ್ಲಿಡಿ. ಮುಟ್ಟಿದ ಮೇಲೆ ಕೈಗೆ ಸೋಪು ಹಾಕಿ, ಸಾಲ್ಮೊನೆಲ್ಲ ಇವುಗಳಿಂದ ಮಕ್ಕಳಿಗೆ ಬೇಗ ದಾಟುತ್ತದೆ.

ಊರಿನ ಪಶು ಆಸ್ಪತ್ರೆಗೆ ಬರುವುದು ದನ, ನಾಯಿಯೇ ಜಾಸ್ತಿ. ಹಲ್ಲಿ ನೋಡುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೂ ವಿಚಾರಿಸಬಹುದು. ಖರೀದಿಯ ಬಿಲ್ಲು, ಕಾಗದ ಜೊತೆಗಿರಲಿ. ಕಾಗದ ಇಲ್ಲದೆ ಯಾರೋ ಡಬ್ಬಿಯಲ್ಲಿ ತಂದುಕೊಡುವ ಹಲ್ಲಿ ಕಾಡಿನಿಂದ ಹಿಡಿದದ್ದೂ ಆಗಿರಬಹುದು, ಅಂಥದ್ದನ್ನು ತೆಗೆದುಕೊಳ್ಳಬೇಡಿ. ಸಂಶಯ ಇದ್ದರೆ ತರುವ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ.

ಬಸ್ಸಿನಲ್ಲಿ ಒಯ್ಯುವಾಗ ತೂತಿರುವ ಡಬ್ಬಿಗೆ ಟಿಶ್ಯೂ ಹಾಸಿ, ಆ ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಪಕ್ಕಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಪೆಟ್ಟಿಗೆಗೂ ಗಾಳಿಗೆ ತೂತು ಬೇಕು. ಕಿಟಕಿ ಪಕ್ಕ ಬೇಡ, ಮಡಿಲಲ್ಲಿರಲಿ. ತೊಟ್ಟಿಯ ಒಂದು ಫೋಟೋ, ತೂಕ ಮತ್ತು ಬಿಸಿ ಬರೆದ ಚೀಟಿ, ಅವತ್ತಿನ ಹಿಕ್ಕೆ ಒಂದು ಚಿಕ್ಕ ಡಬ್ಬಿಯಲ್ಲಿ. ಹಿಕ್ಕೆ ರಾತ್ರಿಯದ್ದಾದರೆ ಒಣಗದ ಹಾಗೆ ಮುಚ್ಚಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಏನಿದು ಅಂತ ಮನೆಯವರಿಗೆ ಮೊದಲೇ ಹೇಳಿಡಿ.